ಹೊಳೆಯಂಚಿನ ಇರುಳು: ಶಿವನಸಮುದ್ರದ ದಾರಿಯ ತಂಗುದಾಣಗಳು

ಮಳವಳ್ಳಿ ತಾಲ್ಲೂಕಿನ ದಕ್ಷಿಣದಂಚಿನಲ್ಲಿ ಕಾವೇರಿ ಎರಡು ಕವಲಾಗಿ ಒಡೆದು, ಒಂದು ಗಗನಚುಕ್ಕಿಯಾಗಿಯೂ ಮತ್ತೊಂದು ಭರಚುಕ್ಕಿಯಾಗಿಯೂ ಧುಮುಕುವ ಕಡಿದಾದ ದಂಡೆಯ ಮೇಲೆ ಬ್ಲಫ್ ಎಂಬ ಊರಿದೆ. ಜಲವಿದ್ಯುತ್ ಕೇಂದ್ರದ ವಸತಿಯಾಗಿ ಪ್ರಸಿದ್ಧವಾದ ಈ ಊರಿನ ನೆಲ ಅದಕ್ಕೂ ಬಹಳ ಹಿಂದಿನಿಂದ ದಾರಿಹೋಕರದ್ದಾಗಿತ್ತು. ಮದ್ದೂರು ಮಳವಳ್ಳಿಗಳಿಂದ ಹೊರಟು ಕೊಳ್ಳೇಗಾಲ, ಹನೂರುಗಳನ್ನು ಹಾದು ಘಟ್ಟದ ಕೆಳಗಿನ ತಮಿಳು ಸೀಮೆಗೆ ಇಳಿಯುವ ಹಾದಿಗೆ ಕಾವೇರಿ ಇಲ್ಲಿಯೇ ಅಡ್ಡ ಬರುತ್ತಿತ್ತು. ಹಗಲೆಲ್ಲ ನಡೆದು ಸಂಜೆಗೆ ದಂಡೆ ಮುಟ್ಟಿದ ಸಾರ್ಥ, ಎಂದರೆ ಸರಕು ಹೇರಿಕೊಂಡು ಗುಂಪಾಗಿ ಸಾಗುವ ವ್ಯಾಪಾರಿಗಳ ತಂಡ, ಮರುದಿನದ ಬೆಳಗಿನವರೆಗೆ ಅಲ್ಲಿಯೇ ಬೀಡು ಬಿಡಬೇಕಾಗಿತ್ತು. ದಾರಿಗಳ ಚರಿತ್ರೆಯನ್ನು ಬರೆಯುವಾಗ ನಡೆದ ದೂರವನ್ನು ಲೆಕ್ಕಿಸಿ, ಹೀಗೆ ನಿಂತ ರಾತ್ರಿಗಳನ್ನು ಬಿಟ್ಟುಬಿಡುವುದು ವಾಡಿಕೆಯಾಗಿದೆ. ಆದರೆ ಈ ಸೀಮೆಯ ಊರುಗಳು ಎಲ್ಲೆಲ್ಲಿ ಬೆಳೆದವು, ಅಲ್ಲಿ ಯಾರು ಯಾವ ಕಸುಬಿನಿಂದ ಬದುಕಿದರು ಎಂಬುದನ್ನು ತಿಳಿಸುವುದು ಮುಖ್ಯವಾಗಿ ಈ ರಾತ್ರಿಗಳೇ.

ಹೊರೆ ಹೊತ್ತ ಎತ್ತಿನ ಗಾಡಿ ದಿನವೊಂದಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿಗಿಂತ ಹೆಚ್ಚು ನಡೆಯಲಾರದು. ಮದ್ದೂರಿನಿಂದ ಮಳವಳ್ಳಿಗೆ ಇರುವ ದೂರ ಸರಿಸುಮಾರು ಅಷ್ಟೇ, ಮಳವಳ್ಳಿಯಿಂದ ಶಿವನಸಮುದ್ರದ ದಂಡೆಗೂ ಬಹುತೇಕ ಅಷ್ಟೇ ಆದ್ದರಿಂದ, ಮದ್ದೂರು ಬಿಟ್ಟ ಗಾಡಿಗೆ ಮೊದಲ ರಾತ್ರಿ ಮಳವಳ್ಳಿಯಲ್ಲಿಯೂ ಎರಡನೆಯ ರಾತ್ರಿ ಹೊಳೆಯಂಚಿನಲ್ಲಿಯೂ ಕಳೆಯುವುದು ಎತ್ತಿನ ಕಾಲೇ ಗೊತ್ತುಮಾಡಿದ ಏರ್ಪಾಡಾಗಿತ್ತು. ಈ ಎರಡು ರಾತ್ರಿಗಳ ಸ್ವರೂಪ ಮಾತ್ರ ಒಂದೇ ಆಗಿರಲಿಲ್ಲ. ಮಳವಳ್ಳಿಯಲ್ಲಿ ತಂಗಿದವನು ತನ್ನ ಎತ್ತುಗಳು ದಣಿವಾರಿಸಿಕೊಂಡೊಡನೆ, ಬೇಕೆನಿಸಿದರೆ ನಡುರಾತ್ರಿಯಲ್ಲಿಯೇ ನೊಗ ಕಟ್ಟಿ ಹೊರಡಬಹುದಾಗಿತ್ತು. ಹೊಳೆಯಂಚಿನಲ್ಲಿ ತಂಗಿದವನಾದರೋ ನೀರಿಗೂ ಅಂಬಿಗನಿಗೂ ಕಾಯಬೇಕಾಗಿತ್ತು.

ಕಾವೇರಿಯನ್ನು ದಾಟಿಸುತ್ತಿದ್ದುದು ಹರಿಗೋಲು. ಬಿದಿರಿನ ಸೀಳುಗಳನ್ನು ದುಂಡಾಗಿ ಹೆಣೆದು ಹೊರಮೈಗೆ ತೊಗಲನ್ನು ಬಿಗಿದ ಈ ತೆಪ್ಪಕ್ಕೆ ಮುಂಭಾಗ ಹಿಂಭಾಗಗಳೆಂಬುದಿಲ್ಲ; ತಳ ಚಪ್ಪಟೆಯಾಗಿರುವುದರಿಂದ ಬಂಡೆಗಳ ನಡುವಣ ತೆಳುನೀರಿನಲ್ಲಿಯೂ ತೇಲುತ್ತದೆ, ಹಗುರವಾಗಿರುವುದರಿಂದ ಒಬ್ಬನೇ ತಲೆಯ ಮೇಲೆ ಹೊತ್ತು ದಂಡೆಯ ಮೇಲುಗಡೆಗೆ ನಡೆಯಬಲ್ಲನು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಆನೆಗೊಂದಿಯ ಬಳಿ ತುಂಗಭದ್ರೆಯಲ್ಲಿ ಇಂತಹ ದೋಣಿಗಳನ್ನು ಕಂಡು, ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆಂದೂ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನು ಕೂಡ ದಾಟಿಸಬಲ್ಲವಾದರೂ ಸಾಮಾನ್ಯವಾಗಿ ಪ್ರಾಣಿಗಳು ಈಜಿಯೇ ದಾಟುತ್ತವೆಂದೂ, ಹುಟ್ಟು ಹಾಕುವಾಗ ದೋಣಿ ಸದಾ ಸುತ್ತುತ್ತಲೇ ಇರುತ್ತದೆಂದೂ ಬರೆದಿದ್ದಾನೆ. ಕಾವೇರಿಯ ಹರಿಗೋಲಿನ ರೀತಿಯೂ ಇದೇ. ಗಾಡಿಯನ್ನು ದಾಟಿಸಬೇಕಾದರೆ ಸರಕನ್ನೆಲ್ಲ ಇಳಿಸಿ, ಗಾಲಿ ಕಳಚಿ, ಮೂಟೆಗಳನ್ನು ಹಲವು ಸರದಿಗಳಲ್ಲಿ ಸಾಗಿಸಿ, ಎತ್ತುಗಳನ್ನು ಹಗ್ಗ ಹಿಡಿದು ಈಜಿಸಿ, ಆಚೆ ದಡದಲ್ಲಿ ಎಲ್ಲವನ್ನೂ ಮತ್ತೆ ಜೋಡಿಸಬೇಕಾಗಿತ್ತು. ಹತ್ತಿಪ್ಪತ್ತು ಗಾಡಿಗಳ ಸಾಲಿಗೆ ಇದು ಇಡೀ ಹಗಲಿನ ಕೆಲಸವಾಗುತ್ತಿದ್ದುದರಿಂದ ಮೊದಲ ಹರಿಗೋಲಿನಲ್ಲಿ ಜಾಗ ಹಿಡಿದವನಿಗೂ ಮಧ್ಯಾಹ್ನಕ್ಕೆ ಸರದಿ ಬಂದವನಿಗೂ ನಡುವೆ ಒಂದು ದಿನದ ಪಯಣದ ವ್ಯತ್ಯಾಸವೇ ಬೀಳುತ್ತಿತ್ತು. ಬೆಳಗಿನ ಹೊತ್ತು ಗಾಳಿ ಕಡಿಮೆ. ಕತ್ತಲಲ್ಲಿ ಬಂಡೆ, ಸುಳಿಗಳು ಕಾಣದೆ ಹುಟ್ಟು ಹಾಕುವುದು ಆಗದ ಮಾತು. ಈಜಿ ನಡುಗುವ ಎತ್ತುಗಳಿಗೆ ದಡ ಹತ್ತಿದ ಮೇಲೆ ಮೈ ಒಣಗಿಸಿಕೊಳ್ಳಲು ಬಿಸಿಲು ಬೇಕು. ಹಿಂದಿನ ಸಂಜೆಯೇ ದಂಡೆ ಸೇರಿ ಕೋಳಿ ಕೂಗುವ ಹೊತ್ತಿಗೆ ರೇವಿನಲ್ಲಿ ನಿಲ್ಲುವ ಪದ್ಧತಿ ಹುಟ್ಟಿದ್ದು ಈ ಕಾರಣಗಳಿಂದ.

ಅಂಬಿಗರು, ಬೆಸ್ತರು ಎಂದು ಕರೆಸಿಕೊಳ್ಳುವ ಸಮುದಾಯದವರ ಬದುಕು ಈ ರೇವುಗಳಿಗೆ ಅಂಟಿಕೊಂಡಿತ್ತು. ಯಾವ ಬಂಡೆ ಎಷ್ಟು ನೆನೆದರೆ ನೀರು ದಾಟುವಂತಿದೆ, ಎಷ್ಟು ಮುಳುಗಿದರೆ ಕಾಯಬೇಕು ಎಂಬ ಅವರ ತೀರ್ಮಾನವನ್ನು ಸಿರಿವಂತ ಸೆಟ್ಟಿಯೂ ಪ್ರಶ್ನಿಸುವಂತಿರಲಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗರ ಚೌಡಯ್ಯನಂತಹ ನಿಷ್ಠುರವಾದಿ ಈ ಕಸುಬಿನಿಂದಲೇ ಬಂದದ್ದನ್ನು ನೆನೆದರೆ, ದಂಡೆಯ ಮೇಲೆ ಎಲ್ಲರನ್ನೂ ಸಮನಾಗಿ ಕಾಯಿಸಬಲ್ಲವನ ಮಾತಿಗೆ ಅಂತಹ ಬಿಗಿ ಬಂದದ್ದು ಸಹಜವೆಂದೇ ತೋರುತ್ತದೆ.

ಗಾಡಿಗಳಿಗಿಂತ ಹಳೆಯ ಸಾರ್ಥವೆಂದರೆ ಹೇರೆತ್ತುಗಳದ್ದು. ಲಂಬಾಣಿಗಳು ಬೆನ್ನ ಮೇಲೆ ಗೋಣಿ ಹೇರಿದ ನೂರಾರು ಎತ್ತುಗಳ ತಾಂಡಾಗಳೊಡನೆ ಉಪ್ಪು, ದವಸಗಳನ್ನು ದಕ್ಷಿಣದ ಉದ್ದಗಲಕ್ಕೂ ಸಾಗಿಸುತ್ತಿದ್ದರು. ಸಂಜೆ ಬೀಡು ಬಿಟ್ಟಾಗ ಇಳಿಸಿದ ಗೋಣಿಗಳನ್ನು ಗೋಡೆಯಂತೆ ಒಟ್ಟಿ, ಅದರ ಮರೆಯಲ್ಲಿ ಹೆಂಗಸರು ಮಕ್ಕಳೊಡನೆ ರಾತ್ರಿ ಕಳೆಯುವುದು ಅವರ ಕ್ರಮವಾಗಿತ್ತು. ಇಂತಹ ಬೀಡಿಗೆ ಬೇಕಾದದ್ದು ಮೇವು, ನೀರು ಮತ್ತು ನೆರಳು. ಊರ ಹೊರಗೆ ನೆಟ್ಟ ಗುಂಡುತೋಪುಗಳು, ಬೇಸಿಗೆಯಲ್ಲಿ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆಗಳು, ತಲೆಹೊರೆಯನ್ನು ಯಾರ ಸಹಾಯವೂ ಇಲ್ಲದೆ ಇಳಿಸಿ ಎತ್ತಿಕೊಳ್ಳಲು ಆಳೆತ್ತರಕ್ಕೆ ನಿಲ್ಲಿಸಿದ ಹೊರೆಗಲ್ಲುಗಳು, ಬಡವರಿಗೂ ಯಾತ್ರಿಕರಿಗೂ ಸೂರು ನೀಡುವ ಛತ್ರಗಳು, ಇವೆಲ್ಲ ಹಳೆಯ ಮೈಸೂರು ಸೀಮೆಯ ದಾರಿಗಳಲ್ಲಿ ಪುಣ್ಯಕಾರ್ಯಗಳೆಂದು ನಿರ್ಮಾಣಗೊಂಡವು. ಇವುಗಳನ್ನು ಕಟ್ಟಿಸಿದವರಲ್ಲಿ ಅರಸರು ದಿವಾನರಷ್ಟೇ ಅಲ್ಲ, ಸಾಮಾನ್ಯ ಗೃಹಸ್ಥರೂ ಇದ್ದರೆಂಬುದು ಈ ನಾಡಿನ ಬಗ್ಗೆ ಹೆಮ್ಮೆಯಿಂದ ಹೇಳಬಹುದಾದ ಮಾತು.

ಅತಿ ದೊಡ್ಡ ಬೀಡುಗಳು ಸೈನ್ಯದವು; ಅವುಗಳ ಹಣೆಬರಹವನ್ನೂ ಹೊಳೆಯೇ ನಿರ್ಧರಿಸಿತು. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣವನ್ನು ಹಿಡಿಯಲು ಮಳವಳ್ಳಿಯ ದಾರಿಯಿಂದ ಅರಕೆರೆಗೆ ಬಂದಾಗ ಕಾವೇರಿ ತುಂಬಿದ್ದು, ಅವನ ದಂಡು ಅಲ್ಲಿ ದಾಟಲಾಗಲಿಲ್ಲ. ಮೇವಿಲ್ಲದೆ ಎತ್ತುಗಳು ಸಾವಿರಗಟ್ಟಲೆ ಸತ್ತು, ಕಡೆಗೆ ಮುತ್ತಿಗೆಯ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಮ್ಮೆಟ್ಟಬೇಕಾಯಿತು. ಎಂಟು ವರ್ಷಗಳ ಅನಂತರ ಜನರಲ್ ಹ್ಯಾರಿಸ್ ಹೊಳೆ ಇಳಿದಿರುವ ಕಾಲವನ್ನು ಆರಿಸಿಕೊಂಡನು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಸೈನ್ಯದೊಡನೆ ಕಾದಾಡಿದ ಮೇಲೆ, ಟಿಪ್ಪು ನಿರೀಕ್ಷಿಸಿದ ದಾರಿಯನ್ನು ಬಿಟ್ಟು ದಕ್ಷಿಣಕ್ಕೆ ತಿರುಗಿ, ಮಾರ್ಚ್ 30ರ ಹೊತ್ತಿಗೆ ಸೋಸಲೆಯ ಬಳಿ ನೀರು ತೆಳುವಾದೆಡೆಯಲ್ಲಿ ಕಾವೇರಿಯನ್ನು ದಾಟಿ, ಏಪ್ರಿಲ್ 5ರಂದು ಶ್ರೀರಂಗಪಟ್ಟಣದ ಮುಂದೆ ಬೀಡು ಬಿಟ್ಟನು. ಮೇ ತಿಂಗಳ ತುಂಬಿದ ಹೊಳೆಗೂ ಮಾರ್ಚ್ ತಿಂಗಳ ಇಳಿದ ಹೊಳೆಗೂ ಇರುವ ಅಂತರ, ರೇವಿನ ಪ್ರತಿಯೊಬ್ಬ ಅಂಬಿಗನಿಗೂ ತಿಳಿದಿದ್ದ ಅಂತರ, ಒಂದು ರಾಜ್ಯದ ಅಳಿವು ಉಳಿವಿನಲ್ಲಿ ಪಾಲು ಪಡೆಯಿತು. ಮರುವರ್ಷ, 1800ರಲ್ಲಿ, ಈ ಸೀಮೆಯ ಬೆಳೆ, ಮಣ್ಣು, ಕಸುಬುಗಳನ್ನು ಬರೆದಿಡಲು ಬಂದ ಫ್ರಾನ್ಸಿಸ್ ಬುಕಾನನ್ ಕೂಡ ಮಳವಳ್ಳಿ, ಶಿವನಸಮುದ್ರ, ಕೊಳ್ಳೇಗಾಲಗಳ ಮೂಲಕವೇ ಕಾವೇರಿಪುರದ ಘಟ್ಟದ ಕಡೆಗೆ ಸಾಗಿದನು.

1799ರ ಯುದ್ಧದ ಮತ್ತೊಂದು ಫಲವಾಗಿ ಕಾವೇರಿಯ ಆಚೆಗಿನ ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬರುವವರೆಗೂ ಅಲ್ಲಿಯೇ ಉಳಿಯಿತು. ಹೀಗಾಗಿ ಈಚೆ ದಡದಲ್ಲಿ ಬೀಡು ಬಿಟ್ಟವನು ಒಂದು ಸರ್ಕಾರದ ಕೊನೆಯ ರಾತ್ರಿಯನ್ನು ಕಳೆದು, ಬೆಳಗಾದರೆ ಇನ್ನೊಂದರ ನೆಲಕ್ಕೆ ಕಾಲಿಡುತ್ತಿದ್ದನು.

ಶಿವನಸಮುದ್ರದ ರೇವು ಇತರ ಹಲವು ರೇವುಗಳಿಗಿಂತ ಮೊದಲೇ ತನ್ನ ಕಾಯುವ ರಾತ್ರಿಗಳನ್ನು ಕಳೆದುಕೊಂಡಿತು. ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಬಳಿ ನೌಕರಿಯಲ್ಲಿದ್ದ ರಾಮಸ್ವಾಮಿ ಮೊದಲಿಯಾರರು ಹೊಳೆಯ ಕವಲುಗಳ ನಡುವೆ ಕಾಡು ಬೆಳೆದು ಹಾಳುಬಿದ್ದಿದ್ದ ಶಿವನಸಮುದ್ರದ ದ್ವೀಪವನ್ನು ಹಸನುಗೊಳಿಸಿ, ಮಧ್ಯರಂಗನೆಂದು ಪ್ರಸಿದ್ಧನಾದ ರಂಗನಾಥನ ಗುಡಿಯ ಸುತ್ತ ಜನವಸತಿಗೆ ಜೀವ ತುಂಬಿ, ಎರಡು ಕವಲುಗಳಿಗೂ ಕಲ್ಲಿನ ಸೇತುವೆಗಳನ್ನು ಕಟ್ಟಿಸಿದರು. 1827ರಿಂದ 1832ರವರೆಗೆ ಮದ್ರಾಸಿನ ಗವರ್ನರಾಗಿದ್ದ ಲಷಿಂಗ್ಟನ್ ಮತ್ತು ಹಿಂದಿನ ಗವರ್ನರ್ ಜನರಲ್ ವೆಲ್ಲೆಸ್ಲಿ ಇವರ ಹೆಸರುಗಳನ್ನು ಪಡೆದ ಈ ಸೇತುವೆಗಳಲ್ಲಿ, ನದಿಯ ತಳದ ಬಂಡೆಯಲ್ಲಿಯೇ ನೆಲೆಯೂರಿಸಿದ ಕಂಬಗಳ ಮೇಲೆ ಉದ್ದನೆಯ ಕಲ್ಲಿನ ತೊಲೆಗಳನ್ನು ಹಾಸಲಾಗಿದೆ. ಕಮಾನುಗಳಿಲ್ಲದ ಈ ಕಟ್ಟುವಿಕೆ ಗುಡಿಗಳ ಮಂಟಪ ಕಟ್ಟುವ ಕೈಗಳ ಕೆಲಸ. ಇದಕ್ಕಾಗಿ ಮೊದಲಿಯಾರರಿಗೆ ಜನೋಪಕಾರದ ಬಿರುದೂ ಜಹಗೀರೂ ದೊರೆತವು. ಅವರು ದ್ವೀಪದಲ್ಲಿ ಪ್ರಯಾಣಿಕರಿಗೊಂದು ಬಂಗಲೆಯನ್ನೂ ಕಟ್ಟಿಸಿದ್ದರಿಂದ, ದಾಟಲಾಗದೆ ತಂಗುವ ಊರು ಜಲಪಾತ ನೋಡಲು ತಂಗುವ ಊರಾಗಿ ಬದಲಾಯಿತು. ನೂರೆಂಬತ್ತು ವರ್ಷಗಳಿಗೂ ಹೆಚ್ಚು ಕಾಲ ನೆರೆಯನ್ನು ತಡೆದುಕೊಂಡ ಸೇತುವೆಯ ಒಂದು ಭಾಗ ಇತ್ತೀಚಿನ ಪ್ರವಾಹಗಳಲ್ಲಿ ಕೊಚ್ಚಿಹೋಗಿರುವುದು ನಿಜಕ್ಕೂ ನೋವಿನ ಸಂಗತಿ.

ಈ ದಾರಿ ಕಂಡ ಕಡೆಯ ಮಹಾಸಾರ್ಥ ವಿದ್ಯುತ್ ಯಂತ್ರಗಳದ್ದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಎಂಜಿನಿಯರ್ ಲಾಟ್‌ಬಿನಿಯೇರ್ ರೂಪಿಸಿದ ಯೋಜನೆಗೆ ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನ ಕಾರ್ಖಾನೆಗಳಿಂದ ಬಂದ ಯಂತ್ರಗಳು ಮದ್ದೂರು ನಿಲ್ದಾಣದಲ್ಲಿ ರೈಲಿನಿಂದಿಳಿದು, ಗಾಡಿಗಳ ಮೇಲೆ, ಆನೆಗಳ ಸಹಾಯದಿಂದ, ಹಳೆಯ ವ್ಯಾಪಾರಿಗಳ ಹಾದಿಯಲ್ಲಿಯೇ ಮಳವಳ್ಳಿಯನ್ನು ಹಾದು ಬ್ಲಫ್ ತಲುಪಿದವು. 1902ರ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೀರ್ಘವಾದ ತಂತಿಮಾರ್ಗ ಆಗ ಜಗತ್ತಿನಲ್ಲಿಯೇ ವಿರಳವಾಗಿತ್ತು.

ಸೇತುವೆಯಿಲ್ಲದ ಕೆಳಹರಿವಿನಲ್ಲಿ ಹಳೆಯ ಪದ್ಧತಿ ಪೂರ್ತಿಯಾಗಿ ಅಳಿದಿಲ್ಲ. ಶಿವರಾತ್ರಿಯ ಹೊತ್ತಿಗೆ ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಕನಕಪುರ, ರಾಮನಗರ ಸೀಮೆಯ ಪರಿಷೆಯ ಜನ ಸಂಗಮದ ಆಸುಪಾಸಿನ ಬಸವನಕಡದಲ್ಲಿ ಕಾವೇರಿಯನ್ನು ದಾಟಿ ಆಚೆಯ ಕಾಡುದಾರಿ ಹಿಡಿಯುತ್ತಾರೆ; ಹೊಳೆಯಲ್ಲಿ ನೀರು ಹೆಚ್ಚಿದ ವರ್ಷ ಅವರೂ ದಂಡೆಯಲ್ಲಿ ಗಂಟುಮೂಟೆ ಇಳಿಸಿ, ಒಲೆ ಹೂಡಿ, ತೆಪ್ಪದ ಸರದಿಗೆ ಕಾಯುತ್ತಾರೆ.