ಸೇನಾ ಸಲಕರಣೆಗಳ ಆರೋಗ್ಯ ಅಪಾಯಗಳ ವೈದ್ಯಕೀಯ ವೆಚ್ಚದ ಅಂದಾಜು

ಬಂದೂಕು, ಫಿರಂಗಿ, ಟ್ಯಾಂಕ್, ಹೆಲಿಕಾಪ್ಟರ್ ಮೊದಲಾದ ಸೇನಾ ಸಲಕರಣೆಗಳನ್ನು ಬಳಸುವ ಸೈನಿಕರಿಗೆ ಉಂಟಾಗಬಹುದಾದ ಅನಾರೋಗ್ಯದ ಖರ್ಚನ್ನು, ಆ ಸಲಕರಣೆಯು ವಿನ್ಯಾಸದ ಹಂತದಲ್ಲಿರುವಾಗಲೇ ಲೆಕ್ಕಹಾಕುವ ವಿಧಾನವೇ ವೈದ್ಯಕೀಯ ವೆಚ್ಚದ ಅಂದಾಜು. ಇಲ್ಲಿ ಗಣನೆಗೆ ಬರುವುದು ಶತ್ರುವಿನಿಂದಾಗುವ ಗಾಯವಲ್ಲ. ಸ್ವಂತ ಸಲಕರಣೆಯೇ ದಿನನಿತ್ಯದ ಬಳಕೆಯಲ್ಲಿ ಮಾಡುವ ಹಾನಿ. ಅಮೆರಿಕದ ಭೂಸೇನೆಯಲ್ಲಿ ಈ ವಿಧಾನವು ಆರೋಗ್ಯ ಅಪಾಯ ಮೌಲ್ಯಮಾಪನದ ಅಂಗವಾಗಿದೆ.

ಅಪಾಯಗಳು

ಶಬ್ದ, ಕಂಪನ, ಆಘಾತ, ವಿಕಿರಣ, ವಿಷಾನಿಲ, ಆಮ್ಲಜನಕದ ಕೊರತೆ, ಅತಿಯಾದ ಶಾಖ ಮತ್ತು ಶೀತ ಇವು ಮುಖ್ಯವಾದವು. ಇವುಗಳಲ್ಲಿ ಶಬ್ದದ ಹಾನಿ ಅತಿ ವ್ಯಾಪಕವಾದುದು. ದಿನಕ್ಕೆ 8 ಗಂಟೆ ಕಾಲ ಕೇಳುವ ಶಬ್ದಕ್ಕೆ 85 ಡೆಸಿಬೆಲ್, ಸಿಡಿತದಂತಹ ಕ್ಷಣಿಕ ಶಬ್ದಕ್ಕೆ 140 ಡೆಸಿಬೆಲ್ ಮಿತಿಯೆಂದು ಪರಿಗಣಿಸಲಾಗುತ್ತದೆ. ರೈಫಲಿನ ಒಂದೇ ಗುಂಡಿನ ಸದ್ದು 150 ಡೆಸಿಬೆಲ್‌ಗಳನ್ನು ಮೀರುತ್ತದೆ. ಅಮೆರಿಕದ ಮಾಜಿ ಸೈನಿಕರು ಪರಿಹಾರ ಪಡೆಯುತ್ತಿರುವ ಅಂಗವೈಕಲ್ಯಗಳಲ್ಲಿ ಕಿವಿಮೊರೆತ ಮತ್ತು ಶ್ರವಣದೋಷ ಮುಂಚೂಣಿಯಲ್ಲಿವೆ.

ಲೆಕ್ಕದ ಕ್ರಮ

ಮೊದಲು ಹಾನಿಯ ತೀವ್ರತೆಯನ್ನೂ ಅದು ಸಂಭವಿಸುವ ಸಾಧ್ಯತೆಯನ್ನೂ ನಿರ್ಧರಿಸಲಾಗುತ್ತದೆ. ಬಳಿಕ ಅಪಾಯಕ್ಕೊಳಗಾಗುವವರ ಸಂಖ್ಯೆಯನ್ನು ಎಣಿಸಬೇಕು. ಕಲ್ಪಿತ ಉದಾಹರಣೆಯೊಂದನ್ನು ನೋಡಬಹುದು: 1,000 ವಾಹನಗಳಿದ್ದು, ಪ್ರತಿಯೊಂದರಲ್ಲಿ 3 ಮಂದಿ ಸಿಬ್ಬಂದಿಯಿದ್ದು, 4 ವರ್ಷಕ್ಕೊಮ್ಮೆ ಅವರು ಬದಲಾದರೆ, 20 ವರ್ಷಗಳಲ್ಲಿ 15,000 ಮಂದಿ ಆ ವಾಹನದೊಳಗೆ ಕುಳಿತಿರುತ್ತಾರೆ. ನೂರಕ್ಕೆ ಒಬ್ಬರಿಗೆ ಕಿವಿ ಕೆಟ್ಟರೂ 150 ಮಂದಿಯಾಗುತ್ತಾರೆ. ಇವರ ಚಿಕಿತ್ಸೆ, ಆಸ್ಪತ್ರೆವಾಸ, ಕಳೆದುಹೋದ ಕೆಲಸದ ದಿನಗಳು, ಅಂಗವೈಕಲ್ಯ ಪರಿಹಾರ, ಕೆಲವೊಮ್ಮೆ ಮರಣ ಪರಿಹಾರ ಇವುಗಳ ಮೊತ್ತವೇ ಅಂದಾಜು ವೆಚ್ಚ. ಎಂಜಿನ್ನಿಗೆ ಶಬ್ದನಿರೋಧಕ ಹೊದಿಕೆ ಹಾಕುವ ಖರ್ಚು ಇದಕ್ಕಿಂತ ಕಡಿಮೆಯಾದರೆ, ಉಳಿಯುವ ವ್ಯತ್ಯಾಸವು ತಪ್ಪಿಸಿದ ವೆಚ್ಚವೆನಿಸುತ್ತದೆ.

ಸಲಕರಣೆಯನ್ನು ಕೊಳ್ಳುವ ಇಲಾಖೆ ಒಂದು, ಮುಂದೆ ಪರಿಹಾರ ಕೊಡುವ ಇಲಾಖೆ ಇನ್ನೊಂದು. ಹೀಗಾಗಿ ಅಗ್ಗವಾಗಿ ಕಂಡ ವಿನ್ಯಾಸದ ನಿಜವಾದ ಬೆಲೆ ಕೊಂಡವರ ಕಡತದಲ್ಲಿ ಕಾಣುವುದೇ ಇಲ್ಲ. ಅಂದಾಜಿನ ಮುಖ್ಯ ಪ್ರಯೋಜನವಿರುವುದು ಇಲ್ಲಿಯೇ.

ಮಿತಿಗಳು

ಭವಿಷ್ಯದ ಖರ್ಚನ್ನು ಇಂದಿನ ಮೌಲ್ಯಕ್ಕೆ ಇಳಿಸುವಾಗ ದೂರದ ರೋಗಗಳು ಹಗುರವಾಗಿ ತೋರುತ್ತವೆ. ವಾರ್ಷಿಕ ಶೇಕಡಾ 3ರ ದರದಲ್ಲಿ, 40 ವರ್ಷಗಳ ನಂತರದ 100 ಡಾಲರ್ ಇಂದಿಗೆ ಸುಮಾರು 31 ಡಾಲರ್ ಮಾತ್ರ. ನಿಧಾನವಾಗಿ ತಲೆದೋರುವ ಕ್ಯಾನ್ಸರಿನಂತಹ ರೋಗಗಳಿಗೆ ಇದರಿಂದ ಅನ್ಯಾಯವಾಗುತ್ತದೆ. ಕಿವಿಮೊರೆತದಿಂದ ಕೆಡುವ ನಿದ್ರೆಗಾಗಲಿ, ಮನೆಯವರ ಮಾತು ಕೇಳಿಸದ ಬೇಸರಕ್ಕಾಗಲಿ ಈ ಲೆಕ್ಕದಲ್ಲಿ ಅಂಕಣವಿಲ್ಲ.

ವಿಯೆಟ್ನಾಂ ಯುದ್ಧದಲ್ಲಿ 1971ರವರೆಗೆ ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ಸಸ್ಯನಾಶಕದ ಹೆಸರಿನಲ್ಲಿ ಅಮೆರಿಕದ ಮಾಜಿ ಸೈನಿಕರಿಗಾಗಿ ಪ್ರತ್ಯೇಕ ಕಾಯಿದೆ ಬಂದದ್ದು 1991ರಲ್ಲಿ. ಇರಾಕ್ ಮತ್ತು ಅಫ್ಘಾನಿಸ್ತಾನದ ನೆಲೆಗಳಲ್ಲಿ ಕಸ ಸುಡುತ್ತಿದ್ದ ಗುಂಡಿಗಳ ಹೊಗೆಯಿಂದ ರೋಗಿಗಳಾದವರಿಗೆ ಪರಿಹಾರವನ್ನು ವಿಸ್ತರಿಸಿದ ಪ್ಯಾಕ್ಟ್ ಕಾಯಿದೆಯು 2022ರಲ್ಲಿ ಅಂಗೀಕಾರವಾಯಿತು.