ರೈಲು ನಿಂತ ಮೇಲಿನ ಮಾತು

ಕಳೆದ ವರ್ಷ ನಾವು ನಾಲ್ಕು ಜನ ಗೆಳೆಯರು ಡೊಂಬಿವಿಲಿಯ ಫ್ಲ್ಯಾಟೊಂದರಲ್ಲಿ ಹನ್ನೆರಡು ನಿಮಿಷದ ಕಿರುಚಿತ್ರ ತೆಗೆದೆವು. ಮುಖ್ಯ ಪಾತ್ರ ನನ್ನ ಸೋದರತ್ತೆಯದು. ಐವತ್ತು ವರ್ಷ ಮುಂಬಯಿಯಲ್ಲಿದ್ದರೂ ಅವರ ಧಾರವಾಡದ ಮಾತು ಹಾಗೇ ಉಳಿದಿದೆ. ಆದರೆ ರೆಕಾರ್ಡಿಂಗ್ ಕೇಳಿದಾಗ ಅತ್ತೆಗಿಂತ ಲೋಕಲ್ ಟ್ರೇನೇ ಹೆಚ್ಚು ಮಾತಾಡಿತ್ತು. ಡಬ್ಬಿಂಗ್ ಮಾಡಿಸಿ ನೋಡಿದೆವು. ತುಟಿಗೆ ಮಾತು ಹೊಂದಿಸುವ ಗಡಿಬಿಡಿಯಲ್ಲಿ ಅತ್ತೆ ವಾರ್ತೆ ಓದುವವರಂತೆ ಮಾತಾಡಿದರು. ಧಾರವಾಡ ಮಾಯವಾಗಿತ್ತು.

ಈ ತೊಂದರೆ ಈ ಊರಿಗೆ ಹೊಸದೇನಲ್ಲ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಗಿರಗಾಂವದ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡಿತು. ನಿರ್ದೇಶಕ ಅರ್ದೇಶಿರ್ ಇರಾನಿಯವರ ಸ್ಟುಡಿಯೋ ರೈಲು ಹಳಿಯ ಪಕ್ಕದಲ್ಲಿತ್ತು. ಹಾಗಾಗಿ ರೈಲುಗಳು ನಿಂತ ಮೇಲೆ, ರಾತ್ರಿ ಒಂದರಿಂದ ನಾಲ್ಕರವರೆಗೆ ಹೆಚ್ಚಿನ ಚಿತ್ರೀಕರಣ ನಡೆಯಿತು. ಮೈಕುಗಳನ್ನು ಕ್ಯಾಮರಾಕ್ಕೆ ಕಾಣದಂತೆ ನಟರ ಹತ್ತಿರ ಬಚ್ಚಿಡುತ್ತಿದ್ದರು. ಅವರ ಟನಾರ್ ಯಂತ್ರ ಚಿತ್ರ, ಧ್ವನಿ ಎರಡನ್ನೂ ಒಂದೇ ಫಿಲಂ ಮೇಲೆ ಅಚ್ಚೊತ್ತುತ್ತಿತ್ತು. ಮಾತು ಕೆಟ್ಟರೆ ಇಡೀ ಶಾಟ್ ಕೆಟ್ಟಂತೆ. ಮೂಕಿಚಿತ್ರಗಳ ಜನಪ್ರಿಯ ನಾಯಕ ಮಾಸ್ಟರ್ ವಿಠ್ಠಲರ ಹಿಂದೂಸ್ತಾನಿ ಉಚ್ಚಾರಣೆ ಸರಿಯಿಲ್ಲವೆಂದು ಅವರ ಪಾತ್ರದ ಮಾತನ್ನೇ ಕಡಿಮೆ ಮಾಡಿದರು.

ಮುಂದೆ ಕ್ಯಾಮರಾ ಸ್ಟುಡಿಯೋದಿಂದ ಹೊರಬಂತು. ಹಗುರವಾದ ಆ ಕ್ಯಾಮರಾಗಳು ಗರಗರ ಸದ್ದು ಮಾಡುತ್ತಿದ್ದವು. ಸೆಟ್ಟಿನ ಮಾತು ಬರೀ ಗುರುತಿಗಾಗಿ ಉಳಿಯಿತು, ನಿಜವಾದ ಮಾತು ಡಬ್ಬಿಂಗ್ ಕೋಣೆಗೆ ಹೋಯಿತು. ಅದರಿಂದ ಅನುಕೂಲವೂ ಆಯಿತು: ಭಾಷೆ ಬಾರದ ನಟರೂ ನಟಿಸಬಹುದಾಯಿತು. 2001ರ ‘ಲಗಾನ್’ ಚಿತ್ರ ಸೆಟ್ಟಿನಲ್ಲೇ ಮಾತು ಹಿಡಿದು ಧ್ವನಿಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೇಲೆ ಹಿಂದಿ ಚಿತ್ರರಂಗ ಮತ್ತೆ ಹಳೆಯ ದಾರಿಯತ್ತ ತಿರುಗಿತು. ಕನ್ನಡದ ‘ತಿಥಿ’ಯಲ್ಲಿ ಮಂಡ್ಯದ ಹಳ್ಳಿಯವರೇ ನಟಿಸಿದರು, ಅಲ್ಲೇ ಆಡಿದ ಮಾತನ್ನು ಅಲ್ಲೇ ಹಿಡಿಯಲಾಯಿತು. ಆ ಮಾತನ್ನು ಡಬ್ಬಿಂಗ್ ಕೋಣೆಯಲ್ಲಿ ಮತ್ತೆ ಆಡಿಸಿದ್ದರೆ ಆ ಊರು ಅಷ್ಟು ಕೇಳಿಸುತ್ತಿತ್ತೇ?

ನಾವೂ ಇರಾನಿಯವರ ದಾರಿ ಹಿಡಿದೆವು. ಕೊನೆಯ ಲೋಕಲ್ ಹೋದ ಮೇಲೆ ಫ್ಯಾನು, ಫ್ರಿಜ್ಜು ಆರಿಸಿದೆವು. ಕಿಟಕಿಗೆ ದಪ್ಪ ಕೌದಿ ಕಟ್ಟಿದೆವು. ಅತ್ತೆಯ ಬಾಯಿಂದ ಒಂದೂವರೆ ಅಡಿ ಮೇಲೆ, ಚೌಕಟ್ಟಿನ ಆಚೆ ಮೈಕು ಹಿಡಿದೆವು. ಮಾತಿನ ನಡುವಿನ ತೇಪೆ ಗೊತ್ತಾಗದಿರಲೆಂದು ಖಾಲಿ ಕೋಣೆಯ ಸದ್ದನ್ನೂ ಅರ್ಧ ನಿಮಿಷ ಹಿಡಿದುಕೊಂಡೆವು.

‘ಆಲಂ ಆರಾ’ದ ಒಂದು ಪ್ರತಿಯೂ ಇಂದು ಸಿಗುವುದಿಲ್ಲ. ಅಷ್ಟು ರಾತ್ರಿಗಳು ನಿದ್ದೆಗೆಟ್ಟು ಹಿಡಿದ ಮಾತು ಯಾರಿಗೂ ಕೇಳಿಸದು. ಅದು ನೆನಪಾಗಿ ನಮ್ಮ ಫೈಲನ್ನು ಮೂರು ಕಡೆ ಉಳಿಸಿಟ್ಟೆ.

ಎರಡು ಗಂಟೆಯ ಹೊತ್ತಿಗೆ ಅತ್ತೆ ಆಕಳಿಸುತ್ತಾ, “ಅಲ್ಲೋ ತಮ್ಮಾ, ಇಷ್ಟ ರಾತ್ರ್ಯಾಗ ನನ್ನ ಮಾತ ಯಾರ ಕೇಳ್ತಾರೋ?” ಅಂದರು. ಮೈಕು ಚಾಲೂ ಇತ್ತು. ಆ ಮಾತನ್ನೂ ಚಿತ್ರದಲ್ಲಿ ಇಟ್ಟುಕೊಂಡಿದ್ದೇವೆ.