ಮಧುಮೇಹಿ ಮಕ್ಕಳ ತಟ್ಟೆ ಮತ್ತು ಹೃದಯ: ಒಂದು ಚಿಕಿತ್ಸೆಯ ಇತಿಹಾಸ

ಟೈಪ್-1 ಮಧುಮೇಹಕ್ಕೆ ತುತ್ತಾದ ಮಕ್ಕಳ ಹೃದಯದ ಗತಿಯೇನು ಎಂಬ ಪ್ರಶ್ನೆಯನ್ನು ವೈದ್ಯಶಾಸ್ತ್ರ ಕೇಳತೊಡಗಿದ್ದು ತಡವಾಗಿ. ಏಕೆಂದರೆ 1922ಕ್ಕೆ ಮೊದಲು ಆ ಪ್ರಶ್ನೆ ಹುಟ್ಟುವಷ್ಟು ಕಾಲ ಆ ಮಕ್ಕಳು ಬದುಕುತ್ತಲೇ ಇರಲಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳು ನಾಶವಾದಾಗ ದೇಹ ರಕ್ತದ ಸಕ್ಕರೆಯನ್ನು ಬಳಸಿಕೊಳ್ಳಲಾರದೆ ತನ್ನ ಕೊಬ್ಬನ್ನೇ ಕರಗಿಸತೊಡಗುತ್ತದೆ. ಅದರಿಂದ ಹುಟ್ಟುವ ಕೀಟೋನುಗಳೆಂಬ ಆಮ್ಲೀಯ ಪದಾರ್ಥಗಳು ರಕ್ತದಲ್ಲಿ ತುಂಬಿಕೊಂಡು, ಮಗು ಪ್ರಜ್ಞೆ ತಪ್ಪಿ ಸಾಯುತ್ತಿತ್ತು.

ಈ ಸಾವನ್ನು ಮುಂದೂಡಲು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಫ್ರೆಡರಿಕ್ ಆಲೆನ್ 1914ರ ಸುಮಾರಿಗೆ ರೂಪಿಸಿದ ಉಪಾಯವೆಂದರೆ ಉಪವಾಸ. ಮೂರು ಬಾರಿ ಬೇಯಿಸಿ, ಪ್ರತಿಬಾರಿಯೂ ನೀರು ಬಸಿದು, ಪಿಷ್ಟದ ಅಂಶವನ್ನು ಆದಷ್ಟೂ ತೆಗೆದ ತರಕಾರಿಯೇ ರೋಗಿಯ ಊಟವಾಗಿತ್ತು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್ ಹನ್ನೊಂದನೆಯ ವಯಸ್ಸಿನಲ್ಲಿ ಈ ಪಥ್ಯಕ್ಕೆ ಒಳಗಾಗಿ, 1922ರ ಆಗಸ್ಟಿನಲ್ಲಿ ಟೊರಾಂಟೊದ ಫ್ರೆಡರಿಕ್ ಬ್ಯಾಂಟಿಂಗ್ ಅವರ ಬಳಿ ಬಂದಾಗ, ಹದಿನೈದು ತುಂಬುವ ಹೊಸ್ತಿಲಲ್ಲಿ ಸುಮಾರು 20 ಕಿಲೋ ತೂಗುತ್ತಿದ್ದಳು. ಅದೇ ವರ್ಷದ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14ರ ಹುಡುಗನಿಗೆ ಮೊದಲ ಬಾರಿಗೆ ಕೊಟ್ಟಿದ್ದ ಇನ್ಸುಲಿನ್ ಅವಳನ್ನೂ ಬದುಕಿಸಿತು.

ಇನ್ಸುಲಿನ್ ಬಂದರೂ ಪಥ್ಯದ ಒಳತರ್ಕ ಕೂಡಲೇ ಬದಲಾಗಲಿಲ್ಲ. ಪಿಷ್ಟ ವಿಷವಾದರೆ ಹೊಟ್ಟೆ ತುಂಬಿಸಬೇಕಾದದ್ದು ಕೊಬ್ಬು ಎಂಬ ಲೆಕ್ಕಾಚಾರದಲ್ಲಿ ಮಿಶಿಗನ್ನಿನ ನ್ಯೂಬರ್ಗ್ ಮತ್ತು ಮಾರ್ಷ್ 1920ರ ಹೊತ್ತಿಗೆ ಹೆಚ್ಚು ಕೊಬ್ಬಿನ ಆಹಾರವನ್ನು ಪ್ರತಿಪಾದಿಸಿದ್ದರು. ಹೀಗಾಗಿ ಸಾವಿನಿಂದ ಪಾರಾದ ಮಕ್ಕಳ ತಟ್ಟೆಯಲ್ಲಿ ಬೆಣ್ಣೆ, ಕೆನೆ, ಮೊಟ್ಟೆಗಳೇ ಮೇಲುಗೈ ಪಡೆದವು. ಅವರ ರಕ್ತವೂ ಕೊಬ್ಬಿನ ಸಾಕ್ಷ್ಯ ಹೇಳುತ್ತಿತ್ತು. ಇನ್ಸುಲಿನ್ ತೀರ ಸಾಲದಾದಾಗ ಕೊಬ್ಬನ್ನು ರಕ್ತದಿಂದ ಹೀರಿ ತೆಗೆಯುವ ಕಿಣ್ವ ಮಂದಗೊಳ್ಳುವುದರಿಂದ, ಅಂಥ ರೋಗಿಯ ರಕ್ತವನ್ನು ನಳಿಕೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೇಲೆ ಹಾಲಿನಂತಹ ಬಿಳಿ ಪದರ ನಿಲ್ಲುತ್ತಿತ್ತು. ರಷ್ಯಾದ ಅನಿಚ್‌ಕೋವ್ 1913ರಲ್ಲೇ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ, ಈ ಮೇಣದಂತಹ ಪದಾರ್ಥ ಅಪಧಮನಿಯ ಗೋಡೆಯಲ್ಲಿ ಸೇರಿಕೊಳ್ಳುವುದನ್ನು ತೋರಿಸಿದ್ದರು. ಬಾಸ್ಟನ್ನಿನ ಎಲಿಯಟ್ ಜೋಸ್ಲಿನ್ 1927ರಲ್ಲಿ ಮಧುಮೇಹಿಗಳ ಅಪಧಮನಿಗಳು ಅಕಾಲದಲ್ಲಿ ಗಡಸಾಗುವುದಕ್ಕೆ ಮೈಯಲ್ಲಿ, ಊಟದಲ್ಲಿ, ರಕ್ತದಲ್ಲಿ ಕೊಬ್ಬು ಹೆಚ್ಚಾಗಿರುವುದೇ ಮುಖ್ಯ ಕಾರಣವೆಂದು ಬರೆದರು. ಅದಕ್ಕೆ ಕೆಲವೇ ವರ್ಷಗಳಲ್ಲಿ ಮಾಂಟ್ರಿಯಲ್‌ನ ರಾಬಿನೊವಿಚ್ ಪಿಷ್ಟ ಹೆಚ್ಚಿಸಿ ಕೊಬ್ಬು ತಗ್ಗಿಸಿದ ಪಥ್ಯವನ್ನು ಮುಂದಿಟ್ಟರು. ಬದುಕುಳಿದ ಹೊಸ ಪೀಳಿಗೆಯ ಆಹಾರವನ್ನೇ ಸಂಶಯಿಸುವ ಈ ಧೈರ್ಯಕ್ಕೆ ಇತಿಹಾಸ ಕೊಡಬೇಕಾದಷ್ಟು ಮನ್ನಣೆ ಕೊಟ್ಟಿಲ್ಲ.

ಹೃದಯದ ಅಪಾಯ ಎಷ್ಟೆಂದು ತಿಳಿಯಲು ಇಂಥ ಮಕ್ಕಳು ದೊಡ್ಡವರಾಗಬೇಕಾಯಿತು. ಜೋಸ್ಲಿನ್ ಕ್ಲಿನಿಕ್‌ನಲ್ಲಿ ಬಾಲ್ಯದಿಂದ ಚಿಕಿತ್ಸೆ ಪಡೆದವರ ಗುಂಪನ್ನು ದಶಕಗಟ್ಟಲೆ ಹಿಂಬಾಲಿಸಿದ 1987ರ ವರದಿ, 55ನೆಯ ವಯಸ್ಸಿನೊಳಗೆ ಅವರಲ್ಲಿ ಶೇ. 35ರಷ್ಟು ಮಂದಿ ಹೃದಯದ ಅಪಧಮನಿ ರೋಗದಿಂದ ಸಾಯುತ್ತಾರೆಂದು ಅಂದಾಜಿಸಿತು. ಮಧುಮೇಹವಿಲ್ಲದವರಲ್ಲಿ ಆ ಪ್ರಮಾಣ ಗಂಡಸರಿಗೆ ಶೇ. 8, ಹೆಂಗಸರಿಗೆ ಶೇ. 4. ಇನ್ಸುಲಿನ್ ನೆಚ್ಚಿಕೊಂಡು ದೀರ್ಘಕಾಲ ಬಾಳಿದ ಎಲಿಜಬೆತ್ ಹ್ಯೂಸ್ ಕೂಡ 1981ರಲ್ಲಿ, 73ರ ವಯಸ್ಸಿನಲ್ಲಿ, ಹೃದಯಾಘಾತದಿಂದಲೇ ತೀರಿಕೊಂಡರು.

ಈ ನಡುವೆ ರೋಗದ ಮೂಲದ ತಿಳಿವಳಿಕೆಯೂ ಬದಲಾಗಿತ್ತು. 1965ರಲ್ಲಿ ಬೆಲ್ಜಿಯಂನ ಗೆಪ್ಟ್ಸ್ ಎಳೆಯ ರೋಗಿಗಳ ಬೀಟಾ ಕೋಶಗಳ ಸುತ್ತ ಉರಿಯೂತ ಕಂಡರು. 1974ರಲ್ಲಿ ಆ ಕೋಶಗಳನ್ನು ಗುರಿಮಾಡುವ ಪ್ರತಿಕಾಯಗಳು ಪತ್ತೆಯಾದವು. ಹೀಗೆ ಟೈಪ್-1 ಮಧುಮೇಹವು ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆಗಳ ಸಾಲಿಗೆ ಸೇರಿತು. 1983ರಲ್ಲಿ ಪ್ರಕಟವಾದ, ಏಕರೂಪಿ ಅವಳಿ-ತ್ರಿವಳಿಗಳಲ್ಲಿ ಈ ನಾಶ ವರ್ಷಗಳ ಕಾಲ ನಿಧಾನವಾಗಿ ನಡೆಯುವುದನ್ನು ತೋರಿಸಿದ ಜೋಸ್ಲಿನ್ ಕೇಂದ್ರದ ಅಧ್ಯಯನದ ಮೊದಲ ಲೇಖಕರು ಎಸ್. ಶ್ರೀಕಾಂತ, ಅವರು ಮುಂದೆ ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸಿದರು. ಇದೇ ಬಳಗದ ಇನ್ನೊಂದು ಕಾಯಿಲೆಯಾದ ಲೂಪಸ್‌ನಲ್ಲಿ ಆರಂಭದ ಸಾವುಗಳಿಗೆ ಸೋಂಕು ಮತ್ತು ಕಾಯಿಲೆಯ ತೀವ್ರತೆ ಕಾರಣವಾದರೆ, ವರ್ಷಗಳ ಮೇಲಿನ ಸಾವುಗಳಿಗೆ ಹೃದಯಾಘಾತ ಕಾರಣವೆಂದು ಟೊರಾಂಟೊದ ಯುರೊವಿಟ್ಸ್ ತಂಡ 1976ರಲ್ಲಿ ತೋರಿಸಿತು. ದೀರ್ಘಕಾಲದ ಉರಿಯೂತ ಅಪಧಮನಿಯ ಒಳಪದರವನ್ನೇ ಕೆಡಿಸುತ್ತದೆ. ಮಧುಮೇಹಿ ಮಕ್ಕಳಲ್ಲಿ ಹಲವರಿಗೆ ಜೊತೆಗೂಡುವ ಥೈರಾಯ್ಡ್ ಕೊರತೆಯಂತೂ, ಅಪಧಮನಿಗೆ ಕೇಡು ತರುವ ಎಲ್‌ಡಿಎಲ್ ಕೊಲೆಸ್ಟರಾಲನ್ನು ರಕ್ತದಿಂದ ಹೊರತೆಗೆಯುವ ಯಕೃತ್ತಿನ ಕೆಲಸವನ್ನು ತಗ್ಗಿಸಿ, ಅದರ ಮಟ್ಟವನ್ನು ಏರಿಸುತ್ತದೆ.

ಪರಿಹಾರದ ಗಟ್ಟಿ ಪುರಾವೆ ಬಂದದ್ದು ಮಾತ್ರ ಸಕ್ಕರೆಯ ಕಡೆಯಿಂದ. 13ರಿಂದ 39 ವಯಸ್ಸಿನ 1,441 ಮಂದಿಯ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ನಡೆದ ಪ್ರಯೋಗದಲ್ಲಿ ಬಿಗಿಯಾಗಿ ಸಕ್ಕರೆ ನಿಯಂತ್ರಿಸಿದವರಿಗೆ ಹೃದಯ ಮತ್ತು ರಕ್ತನಾಳದ ಅವಘಡಗಳು ಶೇ. 42ರಷ್ಟು ಕಡಿಮೆಯಾದದ್ದು 2005ರ ವರದಿಯಲ್ಲಿ ಕಂಡಿತು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು 10ರಿಂದ 16 ವಯಸ್ಸಿನ ಮಧುಮೇಹಿಗಳಿಗೆ ಕೊಟ್ಟ 2017ರ ಪ್ರಯೋಗದಲ್ಲಿ ಎಲ್‌ಡಿಎಲ್ ಇಳಿದರೂ ಕುತ್ತಿಗೆಯ ಅಪಧಮನಿಯ ಗೋಡೆಯ ದಪ್ಪದಲ್ಲಿ ವ್ಯತ್ಯಾಸ ಕಾಣಲಿಲ್ಲ. ಲೂಪಸ್ ಇರುವ ಮಕ್ಕಳ ಮೇಲಿನ 2012ರ ಪ್ರಯೋಗದಲ್ಲೂ ಸ್ಪಷ್ಟ ಲಾಭ ಸಿಗಲಿಲ್ಲ. ಕೆಲವೇ ವರ್ಷಗಳ ಪ್ರಯೋಗ ದಶಕಗಳ ಕಾಯಿಲೆಯನ್ನು ಅಳೆಯಲಾರದು ಎಂಬ ವಾದದಲ್ಲಿ ಹುರುಳಿದೆಯಾದರೂ, ಮಾತ್ರೆಯ ಮೇಲಿನ ಭರವಸೆ ಪುರಾವೆಗಿಂತ ಮುಂದೋಡಿದೆ ಎನ್ನದೆ ವಿಧಿಯಿಲ್ಲ.

ಸ್ವೀಡನ್ನಿನ 2018ರ ಅಧ್ಯಯನದ ಪ್ರಕಾರ, ಹತ್ತು ತುಂಬುವ ಮೊದಲೇ ಈ ಮಧುಮೇಹ ಬಂದ ಹೆಣ್ಣುಮಕ್ಕಳ ಆಯುಷ್ಯ ಇಂದಿಗೂ ಸುಮಾರು 18 ವರ್ಷ, ಗಂಡುಮಕ್ಕಳದು 14 ವರ್ಷ ಕಡಿಮೆ.